ಏಳು ದಿನ ಜೇಬಿನಲ್ಲಿ

ಕೆರೆಬಿಳಚಿಯ ಗೌಸ್‌ಪೀರ್ ಮಡಚುವ ಚಾಕು ಮಾಡುವುದನ್ನು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಪ್ಲಾಸ್ಟಿಕ್ ಹಿಡಿಯ ಅಗ್ಗದ ಚಾಕುಗಳು ಗೂಡಂಗಡಿಗಳಲ್ಲಿ ನೇತಾಡತೊಡಗಿದ ಮೇಲೆ ಅವರ ಎಮ್ಮೆಕೊಂಬಿನ ಹಿಡಿಯ ಚಾಕುವನ್ನು ಹುಡುಕಿಕೊಂಡು ಬರುವವರು ಕಡಿಮೆಯಾದರು. ಆಮೇಲೆ ಅವರ ಕೈಯೇ ನಡುಗತೊಡಗಿತು. ಮನೆಯ ಹಿಂದಿನ ತಗಡಿನ ಕುಲುಮೆಯಲ್ಲಿ ಕೋಳಿಗಳು ಮೊಟ್ಟೆಯಿಡತೊಡಗಿದವು.

ಆ ಕೋಳಿಗಳನ್ನು ಹೊರಗಟ್ಟಿದವಳು ಅವರ ಸೊಸೆ ಅಫ್ಸಾನಾ. ವಯಸ್ಸು ಮೂವತ್ತಾರು. ಊರಿನ ಅರ್ಧ ಹೆಂಗಸರ ರವಿಕೆ ಹೊಲಿಯುವವಳು, ಹೊಲಿಗೆ ಯಂತ್ರ ಕೆಟ್ಟರೆ ತಾನೇ ಬಿಚ್ಚಿ ಕೂರುವವಳು. ಕಳೆದ ವರ್ಷ ಜಗಳೂರಿನಲ್ಲಿ ಸಸಿಗಳ ನರ್ಸರಿ ನಡೆಸುವ ಜ್ಯೋತಿಲಕ್ಷ್ಮಿ ಮನೆಯ ಮುಂದೆ ಬಂದು ನಿಂತಳು. ಮಾವು, ಸಪೋಟ ಗಿಡಗಳಿಗೆ ಕಸಿ ಕಟ್ಟಲು ತಂದೆಯ ಕಾಲದಿಂದ ಬಳಸುತ್ತಿದ್ದ ಗೌಸ್‌ಪೀರರ ಚಾಕು ಅವಳ ಕೈಯಲ್ಲಿತ್ತು.

"ಇಂಥವು ಹನ್ನೆರಡು ಬೇಕಾಗಿದ್ವು."

"ಮಾಡೋ ಕೈ ಹೋತು ತಾಯಿ," ಎಂದರು ಗೌಸ್‌ಪೀರ್.

ಬಾಗಿಲ ಹಿಂದಿನಿಂದ ಅಫ್ಸಾನಾ ಹೇಳಿದಳು: "ನಾನು ಮಾಡ್ತೀನಿ. ಆರು ತಿಂಗಳು ಕೊಡ್ರಿ."

ಅತ್ತೆ ಇಮಾಮ್‌ಬೀಗೆ ನಗು ತಡೆಯಲಾಗಲಿಲ್ಲ. "ಸೂಜಿ ಎತ್ತೋ ಕೈಯಾಗೆ ಸುತ್ತಿಗೆ ಎತ್ತುತಾಳಂತೆ!"

ಎತ್ತಿದಳು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಅಲಗು ಬಡಿಯುವುದನ್ನು ಮಾವ ಸ್ಟೂಲಿನ ಮೇಲೆ ಕೂತು ಹೇಳಿಕೊಟ್ಟರು. ಮೊದಲೆರಡು ತಿಂಗಳು ಒಂದು ಬಕೆಟ್ ತುಂಬ ಮುರಿದ ಅಲಗುಗಳಾದವು. ಮುಂಗೈಯಲ್ಲಿ ಸುಟ್ಟ ಕಲೆಗಳಾದವು. ರವಿಕೆ ಕೊಡಲು ಬಂದವರು ಅವಳ ಕೈ ನೋಡಿ ಬಟ್ಟೆ ವಾಪಸು ಒಯ್ದದ್ದೂ ಉಂಟು. ಐದನೆಯ ತಿಂಗಳಲ್ಲಿ ಒಂದು ಚಾಕು ಟಪ್ಪೆಂದು ಮುಚ್ಚಿಕೊಂಡಿತು. ಆ ಸದ್ದಿಗೆ ತೂಕಡಿಸುತ್ತಿದ್ದ ಗೌಸ್‌ಪೀರ್ ಕಣ್ಣು ತೆರೆದರು.

"ಹ್ಞಾಂ. ಇನ್ನು ಏಳು ದಿನ ಜೇಬಲ್ಲಿ ಇಟ್ಕಾ."

ಅದು ಅವರ ತಂದೆಯ ಕಾಲದಿಂದ ಬಂದ ಪದ್ಧತಿ. ಯಾವ ಚಾಕುವೂ ಮಾಡಿದವನ ಜೇಬಿನಲ್ಲಿ ಏಳು ದಿನ ಇರದೆ ಕೊಳ್ಳುವವನ ಕೈಗೆ ಹೋಗುತ್ತಿರಲಿಲ್ಲ.

"ನನ್ನ ಕಮೀಜಿಗೆ ಜೇಬೆಲ್ಲೈತೆ ಮಾಮು? ಒಂದೊಂದಕ್ಕೆ ಏಳು ದಿನ ಅಂದ್ರೆ ಹನ್ನೆರಡಕ್ಕೆ ಮೂರು ತಿಂಗಳು ಬೇಕು."

ಇದು ಹಳೆಯ ಕಾಲದವರ ಠೀವಿ ಎಂದುಕೊಂಡಳು. ಹನ್ನೆರಡೂ ಮುಗಿದಾಗ ಒಂದೊಂದನ್ನೂ ನೂರು ಸಲ ತೆರೆದು ಮುಚ್ಚಿ ನೋಡಿದಳು; ಎಲ್ಲವೂ ಬಿಗಿಯಾಗಿದ್ದವು. ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಗಂಡ ಮುಜಮ್ಮಿಲ್‌ನ ಕೈಯಲ್ಲಿ, ಒಪ್ಪಿಕೊಂಡ ದಿನಕ್ಕೇ ಜಗಳೂರಿಗೆ ತಲುಪಿಸಿದಳು.

ನಾಲ್ಕನೆಯ ದಿನ ನರ್ಸರಿಯಿಂದ ಫೋನ್ ಬಂತು. ಕಸಿ ಕಟ್ಟುವ ಗಾದ್ರಮ್ಮನ ಬೆರಳ ಮೇಲೆ ಚಾಕು ತಾನಾಗಿಯೇ ಮುಚ್ಚಿಕೊಂಡಿತ್ತು. ನಾಲ್ಕು ಹೊಲಿಗೆ ಬಿದ್ದಿದ್ದವು.

ಅಫ್ಸಾನಾ ಮರುದಿನವೇ ಹೋದಳು. ಬ್ಯಾಂಡೇಜು ಕಟ್ಟಿಕೊಂಡ ಗಾದ್ರಮ್ಮ ಸಸಿಗಳಿಗೆ ನೀರು ಹಾಕುತ್ತಿದ್ದಳು. ಐವತ್ತು ದಾಟಿದ, ಮಾತಿಗೆ ಹಿಂಜರಿಯದ ಹೆಂಗಸು.

"ನೀನೇನಾ ಮಾಡಿದ್ದು? ನೋಡಾಕೆ ಬಲು ಚೆಂದ ಐತೆ ಬಿಡು. ಮೀನಿನಂಗೆ ಐತೆ. ಕಚ್ಚೋದೂ ಹಂಗೇ."

ಜ್ಯೋತಿಲಕ್ಷ್ಮಿ ದನಿ ಏರಿಸಲಿಲ್ಲ. "ಇನ್ನೊಂದು ಸಲ ತರ್ರಿ, ನೋಡ್ತೀನಿ. ಆಗಲೂ ಹಿಂಗೇ ಆದ್ರೆ ನಮ್ಮ ಹೆಣ್ಮಕ್ಕಳ ಕೈಗೆ ಇವನ್ನ ಕೊಡಾಕೆ ಆಗಲ್ಲ."

ಹನ್ನೆರಡನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಅಫ್ಸಾನಾ ಮನೆಗೆ ಬಂದಳು. ಗೌಸ್‌ಪೀರ್ ಒಂದೊಂದನ್ನೂ ತೆರೆದು ಅಲಗನ್ನು ಪಕ್ಕಕ್ಕೆ ಅಲುಗಿಸಿ ನೋಡಿದರು. ಬೈಯಲಿಲ್ಲ.

"ಮುಚ್ಚಿದ ಅಂಗಡಿಗೆ ಹೆಸರಾದ್ರೂ ಇತ್ತು ಬೇಟಿ," ಎಂದರು.

ಆ ದಿನ ಸಂಜೆ ಅವಳು ಮಾವನ ಮುಂದೆ ಬಂದು ಕೂತಳು. "ಏಳು ದಿನದಾಗೆ ಏನಾಗ್ತೈತೆ ಮಾಮು? ಅದನ್ನ ಹೇಳ್ರಿ."

"ಹೊಸ ಚಾಕು ಮನೆಗೆ ಬಂದ ಹೊಸ ಸೊಸೆ ಥರ. ಮೊದಲ್ನೇ ದಿನ ಏನು ಕೇಳಿದ್ರೂ ಸರಿ ಅಂತೈತೆ," ಎಂದು ಮಾವ ಇಮಾಮ್‌ಬೀಯ ಕಡೆ ನೋಡಿ ನಕ್ಕರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಮೈಯ ಬಿಸಿ, ನಡಿಗೆಯ ಕುಲುಕಾಟ, ಬಟ್ಟೆಯ ಧೂಳು ಇವೆಲ್ಲ ಸೇರಿ ಅಲಗಿನ ಬುಡ, ಹಿಡಿಗೆ ಅದನ್ನು ಸೇರಿಸುವ ಮೊಳೆಯಾದ ರಿವಿಟ್ಟಿನಲ್ಲಿ ತನ್ನ ಜಾಗ ಮಾಡಿಕೊಳ್ಳುತ್ತದೆ. ಈರುಳ್ಳಿ ಹೆಚ್ಚಿ, ಹಗ್ಗ ಕೊಯ್ದು ಬಳಸಿದಾಗ ಒಳಗಿದ್ದ ಸಡಿಲು ಹೊರಬೀಳುತ್ತದೆ. ಎಂಟನೆಯ ದಿನ ಆ ರಿವಿಟ್ಟಿಗೆ ಕೊನೆಯ ಏಟು ಹಾಕಬೇಕು. ಎಷ್ಟು ಜೋರಾಗಿ ಎಂಬುದು ಜೇಬಿನಲ್ಲಿಟ್ಟುಕೊಂಡವರಿಗೆ ಮಾತ್ರ ಗೊತ್ತು.

"ಹಂಗಾದ್ರೆ ನಂಗೊಂದು, ನಿಂಗೊಂದು, ಅಬ್ಬಾಗೊಂದು ಹಂಚಿಕೊಳ್ಳಾಣ," ಎಂದ ಮುಜಮ್ಮಿಲ್.

"ಏಟು ಹಾಕೋಳು ನಾನು. ನನ್ನ ಹತ್ರಾನೇ ಇರ್ಲಿ," ಎಂದಳು ಅಫ್ಸಾನಾ.

ಕಮೀಜುಗಳಿಗೆಲ್ಲ ಎಡಕ್ಕೊಂದು ಬಲಕ್ಕೊಂದು ಜೇಬು ಹೊಲಿದುಕೊಂಡಳು. ವಾರಕ್ಕೆ ಎರಡು ಚಾಕು. ಸೊಪ್ಪು ಹೆಚ್ಚುವುದು, ದಾರ ಕತ್ತರಿಸುವುದು, ಗೊಬ್ಬರದ ಚೀಲ ಬಿಚ್ಚುವುದು ಎಲ್ಲ ಅವುಗಳಿಂದಲೇ. ನ್ಯಾಮತಿಯಲ್ಲಿ ನಾದಿನಿಯ ಮಗಳ ಮದುವೆಗೆ ಹೋದಾಗ ತಬ್ಬಿಕೊಳ್ಳಲು ಬಂದ ನಾದಿನಿ ಜೇಬಿನ ಚಾಕು ತಾಗಿ ಹಿಂದೆ ಸರಿದಳು. "ಭಾಬಿ, ಮದುವೆಗೆ ಬಂದೀಯೋ, ಬಡಿದಾಡಾಕೆ ಬಂದೀಯೋ?" ಅಫ್ಸಾನಾ ಅವಳ ಮುಂದೆಯೇ ಒಂದು ಮೋಸಂಬಿ ಸುಲಿದು ಕೊಟ್ಟು, ಅಲಗನ್ನು ಒರೆಸಿ ಮತ್ತೆ ಜೇಬಿಗಿಟ್ಟಳು.

ಐದು ಚಾಕುಗಳು ಸಡಿಲಾದವು, ಬಿಗಿ ಮಾಡಿದಳು. ಎರಡು ಏನು ಮಾಡಿದರೂ ಸರಿಹೋಗಲಿಲ್ಲ. ಅವನ್ನು ಮುರಿದು ಬಕೆಟ್ಟಿಗೆ ಹಾಕಿ, ಹೊಸದಾಗಿ ಬಡಿದು, ಅವಕ್ಕೂ ಏಳು ದಿನ ಕೊಟ್ಟಳು. ಏಳೆಂಟು ವಾರ ಹಿಡಿಯಿತು. ಜ್ಯೋತಿಲಕ್ಷ್ಮಿ ಎರಡು ಸಲ ಫೋನ್ ಮಾಡಿ ವಿಚಾರಿಸಿದರೂ ಒಂದೇ ಉತ್ತರ: "ಇನ್ನೂ ಆಗಿಲ್ಲ ಮೇಡಂ."

ಈ ಸಲ ತಾನೇ ಹೊತ್ತುಕೊಂಡು ಜಗಳೂರಿಗೆ ಹೋದಳು. ನರ್ಸರಿಯ ಹಸಿರು ಪರದೆಯ ನೆರಳಿನಲ್ಲಿ ಹೆಂಗಸರು ಚಾಕು ಮುಟ್ಟದೆ ಗಾದ್ರಮ್ಮನ ಮುಖ ನೋಡಿದರು. ಗಾದ್ರಮ್ಮ ಒಂದನ್ನು ತೆರೆದಳು. ಅಲುಗಿಸಿದಳು. ಅಲಗಿನ ಬೆನ್ನನ್ನು ಕಲ್ಲಿಗೆ ಬಡಿದಳು. ಅಲಗು ಕದಲಲಿಲ್ಲ. ಮಾವಿನ ಸಸಿಯೊಂದನ್ನು ಎಳೆದುಕೊಂಡು ಕಾಂಡ ಸೀಳಿ, ಕಡ್ಡಿ ಕೂರಿಸಿ ಕಟ್ಟಿದಳು. ಇನ್ನೊಂದು. ಮತ್ತೊಂದು. ಹಾಗೇ ಒಂದು ಸಾಲು ಮುಗಿಸಿದಳು.

"ಇದು ಕಚ್ಚಲ್ಲ," ಎಂದಳು ಕೊನೆಗೆ. ಉಳಿದವರು ಒಂದೊಂದು ಎತ್ತಿಕೊಂಡರು.

ಅಫ್ಸಾನಾ ಹೊರಡಲು ಎದ್ದಾಗ ಗಾದ್ರಮ್ಮ ಅವಳ ದುಪಟ್ಟಾ ಜಗ್ಗಿದಳು. "ಏಯ್, ನಂದು ಎಡಗೈ. ಇವೆಲ್ಲಾ ಬಲಗೈಯೋರಿಗೆ ಮಸೆದಿರೋವು. ಮೂವತ್ತು ವರ್ಷದಿಂದ ಕೈ ತಿರುಚಿಕೊಂಡು ಕೊಯ್ತಾ ಇದೀನಿ. ಎಡಗೈದು ಮಾಡಾಕೆ ಬರ್ತೈತಾ?"

"ನಮ್ಮ ಮಾಮುನೂ ಮಾಡಿಲ್ಲಮ್ಮ."

"ಅವರನ್ನ ಯಾರು ಕೇಳಿದ್ರು? ನಾನು ಕೇಳಿದ್ದು ನಿನ್ನ."

ಅಫ್ಸಾನಾ ಗೊಬ್ಬರದ ಚೀಲದ ಕಾಗದವೊಂದನ್ನು ಹರಿದು ಬೆಂಚಿನ ಮೇಲೆ ಹಾಸಿದಳು. ಗಾದ್ರಮ್ಮನ ಎಡಗೈಯನ್ನು ಅದರ ಮೇಲಿಟ್ಟು, ಒಂದೊಂದೇ ಬೆರಳ ಸುತ್ತ ಪೆನ್ಸಿಲ್ ಎಳೆಯತೊಡಗಿದಳು. ಹೊಲಿಗೆಯ ಗುರುತು ಇನ್ನೂ ಕೆಂಪಾಗಿದ್ದ ಬೆರಳಿನ ಹತ್ತಿರ ಪೆನ್ಸಿಲ್ ನಿಧಾನವಾಯಿತು.

"ಕಚಗುಳಿ ಆಗ್ತೈತೆ ಕಣೇ," ಗಾದ್ರಮ್ಮ ಕೈ ಎಳೆದುಕೊಳ್ಳಲು ನೋಡಿದಳು.

"ಅಳ್ಳಾಡಬ್ಯಾಡ್ರಿ," ಎಂದು ಅಫ್ಸಾನಾ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಇನ್ನೂ ಹೆಬ್ಬೆರಳು ಐತೆ."