ಶೈಲಾ ಕಾಸಿದ ತುಪ್ಪ

ಕೊಟ್ಟೂರಿನ ಶೈಲಾ ಬೆಣ್ಣೆ ಕಾಸಿ ತುಪ್ಪ ಮಾರುತ್ತಾಳೆ. ಹದ ನೋಡಲು ಅವಳು ಪಾತ್ರೆಯೊಳಗೆ ಇಣುಕುತ್ತಲೇ ಇರಲಿಲ್ಲ. ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತವಳು, ಘಮ ಬಂದಾಗ ಎದ್ದು ಹೋಗಿ ವೀಳ್ಯದೆಲೆ ಹಾಕಿ ಇಳಿಸುತ್ತಿದ್ದಳು.

ಹೋದ ವರ್ಷ ತಾಯಿ ಸತ್ತ ಮೇಲೆ ಅವಳು ಹಾಸಿಗೆ ಹಿಡಿದಳು. ಡಾಕ್ಟರು ಖಿನ್ನತೆಗೆ ಗುಳಿಗೆ ಕೊಟ್ಟರು. ಶೈಲಾ ಎದ್ದಳು, ಉಂಡಳು, ಮತ್ತೆ ಒಲೆ ಹಚ್ಚಿದಳು. ಆದರೆ ಗುಳಿಗೆ ಶುರುವಾದಾಗಿನಿಂದ, ಬೆಣ್ಣೆ ಕರಗುವಷ್ಟರಲ್ಲೇ ಅವಳ ಮೂಗಿಗೆ ಸೀದ ವಾಸನೆ. ಗಾಬರಿಯಿಂದ ಇಳಿಸಿಬಿಡುವಳು. ತುಪ್ಪವೆಲ್ಲ ಹಸಿ ಹಸಿ. ಕೊಂಡವರು ವಾಪಸು ತಂದರು.

"ಆ ಹುಚ್ಚಿನ ಗುಳಿಗಿ ಬಿಟ್ಟುಬಿಡು ಅತ್ಲಾಗ!" ಎಂದು ಗಂಡ ಗವಿಸಿದ್ದೇಶ್ ರೇಗಿದ.

"ಹಸಿ ತುಪ್ಪ ಮತ್ತ ಕಾಸಬಹುದು. ನಾ ಮತ್ತ ಹಾಸಿಗಿ ಹಿಡದ್ರ ಯಾರು ಎಬ್ಬಸ್ತಾರ?" ಎಂದಳು ಶೈಲಾ.

ಅವಳು ಗೋಡೆ ನೋಡುತ್ತ ಮಲಗಿದ್ದ ದಿನಗಳು ಅವನಿಗೂ ನೆನಪಾದವು. ಇಬ್ಬರೂ ಡಾಕ್ಟರ ಬಳಿ ಹೋದರು. "ನೀವಾಗಿ ಬಿಡಬ್ಯಾಡ್ರಿ, ನಿಧಾನಕ್ಕ ಬದಲಿಸೋಣ," ಎಂದರು ಅವರು.

ಅಲ್ಲಿಯವರೆಗೆ? ಒಂದು ಲೋಟ ಚಹಾ ಕಾಸಿ ಗೊತ್ತಿಲ್ಲದ ಗಂಡಸು ಈಗ ಒಲೆಯ ಮುಂದೆ ಬೆವರುತ್ತ ಕೂತಿದ್ದಾನೆ.

"ಈಗ ಇಳಸ್ಲೇನ?"

"ನನ್ನ ಯಾಕ ಕೇಳ್ತೀರಿ? ಮೂಗು ನಿಮ್ಮದು," ಎನ್ನುತ್ತಾಳೆ ಶೈಲಾ, ಅಕ್ಕಿಯಿಂದ ತಲೆಯೆತ್ತದೆ.