ಸ್ಪೀಕರ್ ಅಳೆಯಲು ಹೋಗಿ

ಶಿವಮೊಗ್ಗದ ನಮ್ಮ ಮನೆಯ ಹಾಲ್‌ನಲ್ಲಿ ಎದೆಯೆತ್ತರದ ಎರಡು ಸ್ಪೀಕರ್‌ಗಳಿವೆ. ನೌಕರಿಯಲ್ಲಿದ್ದಾಗ ಆಸೆಪಟ್ಟು ತಂದವು. ನಿವೃತ್ತನಾಗಿ, ಇನ್ನು ಕೂತು ಹಾಡು ಕೇಳೋಣ ಎನ್ನುವಷ್ಟರಲ್ಲಿ ಅವುಗಳ ದನಿ ಮಂಕಾದಂತೆ, ತಾಳದ ಕಿಣಿಕಿಣಿಯೇ ಸತ್ತುಹೋದಂತೆ ಅನ್ನಿಸತೊಡಗಿತು.

"ನಂಗೇನೂ ವ್ಯತ್ಯಾಸ ಗೊತ್ತಾಗ್ತಿಲ್ಲ ಮಾರಾಯ್ರೆ" ಎಂದಳು ಹೆಂಡತಿ. ಇವಳಿಗೇನು ಗೊತ್ತು ಎಂದುಕೊಂಡು, ಅಳೆದೇ ತೋರಿಸುತ್ತೇನೆಂದು ಹೊರಟೆ.

ಅಳೆಯುವ ಕ್ರಮ ಸರಳ. ಕೂರುವ ಜಾಗದಲ್ಲೊಂದು ಮೈಕ್ ನಿಲ್ಲಿಸಬೇಕು. ಲ್ಯಾಪ್‌ಟಾಪ್, ಸ್ಪೀಕರ್ ಮೂಲಕ ಗುಂಯ್ ಎನ್ನುವ ತಗ್ಗಿನ ಸ್ವರದಿಂದ ಕೀರ್ ಎನ್ನುವ ತುದಿಯವರೆಗೆ ಒಂದೇ ಎಳೆಯ ಸದ್ದು ಹೊರಡಿಸುತ್ತದೆ. ಮೈಕಿಗೆ ಕೇಳಿಸಿದ್ದು ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ನನ್ನ ಗೆರೆ ನಡುದಾರಿಯಲ್ಲೇ ಮುಗ್ಗರಿಸಿ ಪಾತಾಳಕ್ಕೆ ಬಿತ್ತು. ಇನ್ನೊಮ್ಮೆ ಅಳೆದರೆ ಬೇರೆ ಕಡೆ ಬಿತ್ತು. ಫ್ಯಾನ್ ಆರಿಸಿ ಬೆವರಿದೆ. ಗೋಡೆಗೆಲ್ಲ ಹಾಸಿಗೆ ಒರಗಿಸಿದೆ. ಕುಕ್ಕರ್ ಇಡಕೂಡದೆಂದು ಕಟ್ಟಪ್ಪಣೆ ಮಾಡಿ, ಅರೆಬೆಂದ ಬೇಳೆಯ ಸಾರು ಉಂಡೆ. ಗೆರೆ ಮಾತ್ರ ಪ್ರತಿ ಸಲವೂ ಹೊಸ ಹಳ್ಳ ಹುಡುಕಿಕೊಂಡು ಬೀಳುತ್ತಿತ್ತು.

ಭದ್ರಾವತಿಯಲ್ಲಿರುವ ನನ್ನ ಹಳೆಯ ಗೆಳೆಯನಿಗೂ ಇದೇ ಹುಚ್ಚು. ಫೋನ್ ಮಾಡಿದೆ. "ರೂಮಿಂದೇ ತಕರಾರು ಕಣಯ್ಯ. ಗೋಡೆಗೆ ಬಡ್ದು ವಾಪಸ್ ಬರೋ ಸೌಂಡು ಎಲ್ಲಾ ಕೆಡಿಸ್ತಿದೆ. ನಮ್ಮ ಟೆರೇಸಿಗೆ ತಗೊಂಡ್ ಬಾ, ಇಲ್ಲಿ ಗೋಡೆನೇ ಇಲ್ಲ" ಎಂದ.

ಗೂಡ್ಸ್ ಆಟೋದಲ್ಲಿ ಸ್ಪೀಕರ್ ಹೇರಿಕೊಂಡು ಹೋದೆ. ಅವನ ಮನೆಯ ಕಿರಿದಾದ ಮೆಟ್ಟಿಲಲ್ಲಿ ಇಬ್ಬರೂ ಏದುಸಿರು ಬಿಡುತ್ತ ಅವನ್ನು ಹೊತ್ತು ಹತ್ತಿಸಿದೆವು. ಸದ್ದು ಹೊರಡಿಸಿದ್ದೇ ತಡ, ಪಕ್ಕದ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ತಮಿಳು ಹೆಂಗಸು ಗಾಬರಿಯಿಂದ, "ಅಯ್ಯೋ, ಯಾವ ಫ್ಯಾಕ್ಟರಿ ಸೈರನ್ ಸಾರ್ ಇದು?" ಎಂದರು. ಅಲ್ಲಿಯೂ ಗೆರೆ ಬಿದ್ದೇ ಬಿತ್ತು.

"ನಿನ್ನ ಸ್ಪೀಕರ್ ಹೋಗಿದೆ."

"ನಿನ್ನ ತಲೆ ಹೋಗಿದೆ!"

ಆಗಲೇ ಹೆಂಡತಿಯ ಫೋನು ಬಂತು. ಸಿಟ್ಟನ್ನೆಲ್ಲ ಅವಳ ಮೇಲೆ ಸುರಿದೆ. ಅವಳು ಪೂರ್ತಿ ಕೇಳಿ, "ನಾನು ಆನ್‌ಲೈನ್ ಪಾಠ ಮಾಡೋ ಲ್ಯಾಪ್‌ಟಾಪೇ ಅಲ್ವಾ ಅದು? ಮಾತು ಬಿಟ್ಟು ಬೇರೆ ಸದ್ದೆಲ್ಲ ತೆಗ್ದುಹಾಕೋ ಸೆಟ್ಟಿಂಗ್ ಅದ್ರಲ್ಲಿ ಆನ್ ಇಟ್ಟಿದೀನಿ. ಇಲ್ದಿದ್ರೆ ನಮ್ಮನೆ ಮಿಕ್ಸಿ ಮಕ್ಕಳಿಗೆಲ್ಲ ಕೇಳ್ಸುತ್ತೆ" ಎಂದಳು.

ಗೆಳೆಯನಿಗೆ ಹೇಳಿದ್ದೇ, ಇಬ್ಬರೂ ಲ್ಯಾಪ್‌ಟಾಪಿನ ಮೇಲೆ ಮುಗಿಬಿದ್ದೆವು. ಸ್ಪೀಕರ್ ಹೊರಡಿಸಿದ ಸದ್ದನ್ನು ಲ್ಯಾಪ್‌ಟಾಪ್ ಗದ್ದಲವೆಂದು ಬಗೆದು ಒರೆಸಿಹಾಕುತ್ತಿತ್ತು! ಆ ಸೆಟ್ಟಿಂಗ್ ಆರಿಸಿ ಅಳೆದದ್ದೇ ಗೆರೆ ತುದಿಯವರೆಗೆ ನೆಟ್ಟಗೆ ಓಡಿತು. ಗೆಳೆಯ ಕುಣಿದಾಡಿಬಿಟ್ಟ. ನನಗೆ ಮಾತ್ರ ಕಿರಿಕಿರಿ. ಸ್ಪೀಕರ್ ಸರಿಯಿದ್ದರೆ ತಾಳ ಯಾಕೆ ಸತ್ತಿತ್ತು?

ಮನೆಗೆ ತಂದು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೊಮ್ಮೆ ಸದ್ದು ಹೊರಡಿಸಿದೆ.

"ನೋಡು, ತುದಿಗೆ ಹೋಗೋ ಮುಂಚೆನೇ ನಿಂತುಹೋಯ್ತು."

"ಎಲ್ಲಿ ನಿಂತಿದೆ? ಇನ್ನೂ ಕೀರ್ ಅಂತಿದೆ. ಕಿವಿ ಕೊರೀತಿದೆ, ಆರ್ಸಿ!"

ಪರದೆಯ ಮೇಲೆ ಗೆರೆ ಇನ್ನೂ ಮುಂದಕ್ಕೆ ಓಡುತ್ತಿತ್ತು. ನನ್ನ ಪಾಲಿಗೆ ಕೋಣೆ ನಿಶ್ಶಬ್ದ. ಅವಳು ಒಮ್ಮೆ ನನ್ನ ಮುಖ ನೋಡಿ, ತಾನೇ ಕೈಚಾಚಿ ಸದ್ದು ಆರಿಸಿದಳು. ಅದು ಅವಳ ಯಾವ ಮಾತಿಗಿಂತಲೂ ನನ್ನನ್ನು ಕೆರಳಿಸಿತು.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ವಯಸ್ಸಾದಂತೆ ಎತ್ತರದ ಸ್ವರಗಳೇ ಮೊದಲು ಹೋಗುವುದು ಎಂದರು. ಬೇಸರವಾಯಿತು, ಜಗಳವಾಡಲು ಯಾರೂ ಸಿಗಲಿಲ್ಲವಲ್ಲ ಎಂದು ಇನ್ನಷ್ಟು ಬೇಸರವಾಯಿತು. ಈಗ ಒಬ್ಬನೇ ಇದ್ದಾಗ ಎತ್ತರದ ಸ್ವರ ಹೆಚ್ಚಿಸುವ ಟ್ರೆಬಲ್ ಪೂರ್ತಿ ಏರಿಸಿ ತಾಳ ಕೇಳುತ್ತೇನೆ. ಅವಳು ಅಡುಗೆಮನೆಯಿಂದ ಬಂದವಳೇ, ಕೇಳದೆ ಹೇಳದೆ, ಅದನ್ನು ಇಳಿಸಿ ಪಕ್ಕದಲ್ಲಿ ಕೂರುತ್ತಾಳೆ.