ಸ್ಯಾಕ್ಸೋಫೋನಿಗೆ ತುಟಿ ಕೂಡದ ದಿನ

ಎರಡು ವರ್ಷದ ಹಿಂದಿನ ಮಾತು. ಅಂದು ಸಂಜೆ ಶೃಂಗೇರಿಯ ಸಭಾಂಗಣವೊಂದರಲ್ಲಿ ನಮ್ಮ ತಂಡದ ಜಾಝ್ ಕಾರ್ಯಕ್ರಮವಿತ್ತು. ಎಲ್ಲೆಲ್ಲೋ ನುಡಿಸಿದ್ದ ನನಗೆ ನಮ್ಮ ಸೀಮೆಯವರ ಎದುರು ಅದೇ ಮೊದಲು.

ನನ್ನ ಅಪ್ಪ ಕೊಪ್ಪದ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ನಾನು ಮೊದಲು ಕಲಿತದ್ದು ಅದನ್ನೇ. ಆಮೇಲೆ ನರಸಿಂಹರಾಜಪುರದ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಥಾಮಸ್ ಮಾಸ್ಟ್ರ ಹತ್ತಿರ ಕೀಬೋರ್ಡ್ ಕಲಿಯಲು ಸೇರಿದೆ. ಜಾಝ್ ಕೇಳಿಸಿದವರು ಅವರು. "ಕಲಿತದ್ದು ಅರ್ಧ, ಉಳಿದದ್ದು ನುಡಿಸುತ್ತ ಅಲ್ಲಲ್ಲೇ ಹುಟ್ಟಬೇಕು" ಎನ್ನುತ್ತಿದ್ದರು. ಸ್ಯಾಕ್ಸೋಫೋನ್ ಕೈಗೆ ಬಂದ ಮೇಲೆ ಉಳಿದೆರಡೂ ಮೂಲೆ ಸೇರಿದವು. ಮಂಗಳೂರು, ಗೋವಾ, ಚೆನ್ನೈ ಎಂದು ತಿರುಗಿ ಅದರಿಂದಲೇ ಬದುಕಿದೆ.

ಆ ದಿನ ಬೆಳಿಗ್ಗೆ ಕೊಪ್ಪದ ಮನೆಯಲ್ಲಿ ಕಾಫಿ ಕುಡಿಯುವಾಗ ತುಟಿಯ ಎಡಬದಿಯಿಂದ ಸೋರಿ ಸೀರೆ ಮೇಲೆ ಬಿತ್ತು. ಅತ್ತಿಗೆ ನನ್ನನ್ನೇ ನೋಡಿದರು.

"ಒಂಚೂರು ನಗು, ನೋಡುವ."

ನಕ್ಕೆ.

"ಬಾಯಿ ಒಂದು ಬದಿಗೆ ಹೋಗ್ತಿದೆ ಮಾರಾಯ್ತಿ."

ಕನ್ನಡಿ ಮುಂದೆ ನಿಂತೆ. ಎಡಗಣ್ಣು ಮುಚ್ಚುತ್ತಿರಲಿಲ್ಲ. ಗಾಳಿ ಊದಿದರೆ ಕೆನ್ನೆಯಲ್ಲಿ ನಿಲ್ಲದೆ ಪುಸ್ ಎಂದು ಹೋಗುತ್ತಿತ್ತು. ಅಪ್ಪ ಲಕ್ವ ಹೊಡೆದು ತೀರಿಕೊಂಡವರು. ಆಸ್ಪತ್ರೆ ತಲುಪುವವರೆಗೂ ಎಡಗೈ ಬೆರಳುಗಳನ್ನು ಮಡಚಿ ಬಿಡಿಸಿ ನೋಡುತ್ತಲೇ ಇದ್ದೆ.

ಡಾಕ್ಟರು ಕೈ ಎತ್ತಿಸಿದರು, ನಡೆಸಿದರು, ಹುಬ್ಬು ಏರಿಸಲು ಹೇಳಿದರು. "ಲಕ್ವ ಅಲ್ಲ. ಮುಖದ ನರಕ್ಕೆ ಬಾವು ಬಂದಿದೆ. ಹೆಚ್ಚಿನವರಿಗೆ ಸರಿಯಾಗ್ತದೆ."

"ಮೊದಲಿನ ಹಾಗೆ ಊದಲಿಕ್ಕೆ ಆಗ್ತದಾ?"

"ಯಾವಾಗ ಅಂತ ಈಗಲೇ ಹೇಳುವ ಹಾಗಿಲ್ಲ."

ಸರಿಯಾಗದ ಆ ಕೆಲವರಲ್ಲಿ ನಾನೂ ಒಬ್ಬಳಾದರೆ? ಮಾತ್ರೆ ತಗೊಂಡು ಹೊರಗೆ ಬಂದರೂ ಅದೇ ಯೋಚನೆ. ಮಂಗಳೂರಿನಿಂದ ಡ್ರಮ್ಸಿನವರೂ ಬೇಸ್ ಗಿಟಾರಿನವರೂ ಹೊರಟಾಗಿತ್ತು. ಕಾರ್ಯಕ್ರಮ ಬಿಡುತ್ತೇನೆ ಎಂದು ಮಾಸ್ಟ್ರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿದರು.

"ಬೆರಳು ಸರಿ ಇದೆಯಾ?"

"ಇದೆ."

"ಹಾಗಾದ್ರೆ ಕೀಬೋರ್ಡ್ ತಗೊಂಡು ನಾನೇ ಬರ್ತೇನೆ. ಮನೆಯಲ್ಲಿ ಕೂತ್ರೆ ಕನ್ನಡಿ ನೋಡ್ತಾ ಇರ್ತೀಯ, ಅಷ್ಟೆ."

ಸಂಜೆ ಕಣ್ಣಿಗೆ ಪಟ್ಟಿ ಹಾಕಿಕೊಂಡು ವೇದಿಕೆ ಹತ್ತಿ ಮಾಸ್ಟ್ರ ಕೀಬೋರ್ಡಿನ ಮುಂದೆ ಕೂತೆ. ಪ, ಬ ಅಕ್ಷರಗಳು ಬಾಯಿಂದ ನೆಟ್ಟಗೆ ಹೊರಡುತ್ತಿರಲಿಲ್ಲವಾದ್ದರಿಂದ ಮೈಕಿನಲ್ಲಿ ಡ್ರಮ್ಸಿನವರೇ ಮಾತಾಡಿದರು. ಮೊದಲ ರಚನೆಯಲ್ಲಿ ಸ್ಯಾಕ್ಸೋಫೋನ್ ಬರಬೇಕಾದ ಜಾಗ ಬಂದಾಗ ನನ್ನ ಕೈ ನಿಂತೇ ಹೋಯಿತು. ಬೇಸಿನವರು ಆ ಖಾಲಿಯನ್ನು ತುಂಬಿ ನನ್ನ ಕಡೆ ನೋಡಿ ತಲೆ ಆಡಿಸಿದರು. ಮತ್ತೆ ಶುರು ಮಾಡಿದೆ. ತಪ್ಪುಗಳಾದವು. ಮುಂದಿನ ಸಾಲಿನಲ್ಲಿ ಯಾರೋ, "ಊದುವುದು ಯಾವಾಗ?" ಎಂದು ಪಕ್ಕದವರನ್ನು ಕೇಳಿದ್ದು ನನಗೂ ಕೇಳಿಸಿತು. ಕಾರ್ಯಕ್ರಮ ಮುಗಿಸಿದೆ, ಆದರೆ ಹೆದರಿಕೆ ಒಂದು ಗಳಿಗೆಯೂ ಬಿಟ್ಟಿರಲಿಲ್ಲ. ಮಾಸ್ಟ್ರು ಕೆಳಗಿಳಿದವಳ ಕೈ ಹಿಡಿದುಕೊಂಡರು.

ಆಮೇಲೆ ತಿಂಗಳುಗಟ್ಟಲೆ ಸ್ಯಾಕ್ಸೋಫೋನಿನಿಂದ ಬರೀ ಗಾಳಿ ಬಂತು. ಒಂದು ಮಧ್ಯಾಹ್ನ ಒಂದು ಸ್ವರ ಬಂತು, ಸಣ್ಣದು, ನಡುಗುತ್ತಿತ್ತು. ಅತ್ತಿಗೆ ಅಡುಗೆಮನೆಯಿಂದ ಓಡಿ ಬಂದು ಬಾಗಿಲಲ್ಲೇ ನಿಂತರು.

ಇಂದಿಗೂ ಬಹಳ ಹೊತ್ತು ಊದಿದರೆ ತುಟಿಯ ಎಡಬದಿ ಸೋಲುತ್ತದೆ. ಹಾಗಾಗಿ ಈಗ ಕಾರ್ಯಕ್ರಮಗಳಲ್ಲಿ ಸ್ಯಾಕ್ಸೋಫೋನ್, ಕೀಬೋರ್ಡ್ ಎರಡನ್ನೂ ನುಡಿಸುತ್ತೇನೆ. ಜನ ಅದನ್ನು ಪ್ರತಿಭೆ ಎನ್ನುತ್ತಾರೆ. ಅದರಲ್ಲಿ ಹೆಚ್ಚಿನ ಪಾಲು ಹೆದರಿಕೆ ಎಂಬುದು ನನಗೆ ಗೊತ್ತು.